ಒಂಬತ್ತೂಕಾಲರ ಕಾಯಿಲೆ: ಒಬ್ಬ ಐಟಿ ಸಪೋರ್ಟ್ ಹುಡುಗನ ಪ್ರಕರಣ

ರಾಜೀನಾಮೆ ವಾಟ್ಸ್ಆಪ್‌ನಲ್ಲಿ ಬಂತು, ಭಾನುವಾರ ರಾತ್ರಿ ಹತ್ತೂವರೆಗೆ. "ಸಾರ್, ಮುಂದಿನ ತಿಂಗಳಿಂದ ಬರೋಕಾಗಲ್ಲ. ಬೇಜಾರ್ ಮಾಡ್ಕೋಬೇಡಿ." ಅಷ್ಟೇ. 2025ರ ಫೆಬ್ರುವರಿ. ಹುಡುಗನಿಗೆ ಆಗ 26 ವರ್ಷ, ನಮ್ಮಲ್ಲಿ ಸೇರಿ ಎರಡೂವರೆ ವರ್ಷವಾಗಿತ್ತು. ಜಗಳವಾಡಿದವನಲ್ಲ, ಕಾಲ್ ತಪ್ಪಿಸಿದವನಲ್ಲ, ರಜೆ ಬೇಕಾದರೂ ಅರ್ಧ ದಿನ ಕೇಳುವವನು. ಇವರೆಲ್ಲ ಒಂದು ದಿನ ಬಿಟ್ಟು ಹೋಗುತ್ತಾರೆ ಎಂದು ನನ್ನ ತಲೆಯಲ್ಲಿ ಒಂದು ಪಟ್ಟಿ ಇತ್ತು. ಅದರಲ್ಲಿ ಅವನಿರಲಿಲ್ಲ.

ನನ್ನದು ಮೈಸೂರಿನ ಸರಸ್ವತೀಪುರಂನಲ್ಲಿ ಸಣ್ಣ ಸಂಸ್ಥೆ. ನನ್ನನ್ನೂ ಸೇರಿಸಿ ಎಂಟು ಜನ. ಕಾಲೇಜು, ಆಡಿಟರ್ ಆಫೀಸು, ನರ್ಸಿಂಗ್ ಹೋಂ, ಕಲ್ಯಾಣ ಮಂಟಪ, ಎರಡು ಅಕ್ಕಿ ಗಿರಣಿ, ಇಂಥ ಕಡೆ ಕಂಪ್ಯೂಟರ್, ಪ್ರಿಂಟರ್, ನೆಟ್‌ವರ್ಕ್ ನೋಡಿಕೊಳ್ಳುವ ವಾರ್ಷಿಕ ಕರಾರು ನಮ್ಮ ಕಸುಬು. ನಮ್ಮ ಬಾಯಲ್ಲಿ ಅದು ಎಎಂಸಿ. ಈ ಪ್ರಕರಣ ಬರೆಯಲು ಹುಡುಗನ ಒಪ್ಪಿಗೆ ಇದೆ, ಹೆಸರು ಮಾತ್ರ ಬೇಡ ಎಂದಿದ್ದಾನೆ. ಬರೆದದ್ದನ್ನು ಓದಿ ಎರಡು ಕಡೆ ತಿದ್ದಿದ. ತಪ್ಪು ಬಹುಪಾಲು ನನ್ನದೇ ಎಂದು ಬರೆದ ಜಾಗಗಳನ್ನು ಹಾಗೇ ಬಿಟ್ಟ.

ಹಿನ್ನೆಲೆ

ಪಾಂಡವಪುರ ತಾಲ್ಲೂಕಿನ ಹಳ್ಳಿ. ಅಪ್ಪನಿಗೆ ಎರಡು ಎಕರೆ ಗದ್ದೆ, ವಿಶ್ವೇಶ್ವರಯ್ಯ ನಾಲೆಯ ನೀರು, ಹೆಚ್ಚಿನ ವರ್ಷ ಕಬ್ಬು. ಮಗ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮಾಡಿದ. ಮೈಸೂರಿನ ಹೆಬ್ಬಾಳದಲ್ಲಿ ಇನ್ಫೋಸಿಸ್ ಕ್ಯಾಂಪಸ್ ಬಂದ ಮೇಲೆ ಸುತ್ತಿನ ಹಳ್ಳಿಗಳಲ್ಲಿ ಕಂಪ್ಯೂಟರ್ ಕೆಲಸ ಎಂದರೆ ಒಂದೇ ಚಿತ್ರ: ಕೊರಳಲ್ಲಿ ಟ್ಯಾಗು, ಕಂಪನಿ ಬಸ್ಸು, ಎಸಿ. ನಮ್ಮ ಹುಡುಗನ ಕೊರಳಲ್ಲೂ ಟ್ಯಾಗು ಇದೆ. ಬೆನ್ನಿನ ಬ್ಯಾಗಿನಲ್ಲಿ ಮಾತ್ರ ಕ್ರಿಂಪಿಂಗ್ ಟೂಲು, ಸ್ಕ್ರೂಡ್ರೈವರ್ ಸೆಟ್ಟು, ಧೂಳು ಹೊಡೆಯುವ ಬ್ರಷ್ಷು. ಊರಿಗೆ ಹೋದಾಗ ನಡೆಯುವ ಮಾತು ಹೀಗೆ:

"ಏನ್ ಕೆಲ್ಸವ್ಲಾ?"
"ಐಟಿ ಸಪೋರ್ಟು ಮಾವ."
"ಅಂಗಂದ್ರೆ?"
"ಕಂಪ್ಯೂಟ್ರು ಕೆಟ್ರೆ ಸರಿ ಮಾಡದು."
"ಓ, ರಿಪೇರಿ."

ಆ 'ಓ' ಅವನಿಗೆ ಚುಚ್ಚುತ್ತಿತ್ತು. ಇದನ್ನು ಹಗುರ ಮಾಡುವಂತಿಲ್ಲ. 2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ, ಮದುವೆಗೆ ಹೆಣ್ಣು ಸಿಗದ ಹುಡುಗರು ಪಾದಯಾತ್ರೆ ಹೊರಟಿದ್ದನ್ನು ಪತ್ರಿಕೆಗಳು ತಮಾಷೆ ಸುದ್ದಿಯಂತೆ ಬರೆದವು. ಆ ಸೀಮೆಯ ಹುಡುಗರಿಗೆ ಅದು ತಮಾಷೆಯಾಗಿರಲಿಲ್ಲ. ಯಾವ ಕೆಲಸ ಎನ್ನುವುದರ ಮೇಲೆ ಸಂಬಂಧ ಕುದುರುವ ಊರಿನಲ್ಲಿ 'ರಿಪೇರಿ' ಎಂಬ ಒಂದು ಪದಕ್ಕೂ ತೂಕ ಇದೆ.

ಇನ್ನು ದಿನದ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಹೆಡ್‌ಸೆಟ್ ಹಾಕಿದರೆ ಶುರು. "ಪ್ರಿಂಟ್ ಬರ್ತಿಲ್ಲ." ಅವರ ಕಂಪ್ಯೂಟರನ್ನು ಇಲ್ಲಿಂದಲೇ ನೋಡಲು ಬಿಡುವ ಎನಿಡೆಸ್ಕ್ ನಂಬರ್ ಹೇಳಿ ಎನ್ನಬೇಕು; ಆ ಕಡೆಯಿಂದ ಒಂದೊಂದೇ ಅಂಕಿ, ನಡುವೆ "ಇರಿ, ಕನ್ನಡಕ ಹಾಕ್ಕೊತೀನಿ". ಒಳಗೆ ಹೋಗಿ, ಪ್ರಿಂಟ್‌ಗಳನ್ನು ಸಾಲಿನಲ್ಲಿ ಇಡುವ ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ಸಿಸ್ಟಂ32 ಒಳಗಿನ ಸ್ಪೂಲ್, ಅದರೊಳಗಿನ ಪ್ರಿಂಟರ್ಸ್ ಫೋಲ್ಡರ್ ಖಾಲಿ ಮಾಡಿ, ಸ್ಪೂಲರ್ ಮತ್ತೆ ಶುರು ಮಾಡಿದರೆ ತಡೆದಿದ್ದ ಕಾಗದಗಳೆಲ್ಲ ದಾರಿ ಬಿಡುತ್ತವೆ. ಎರಡು ನಿಮಿಷ. ಟಿಕೆಟ್, ಅಂದರೆ ಆ ದೂರಿನ ದಾಖಲೆ, ಕ್ಲೋಸ್. ಮುಂದಿನದು ಪಾಸ್‌ವರ್ಡ್ ಮರೆತದ್ದು. ಕ್ಲೋಸ್. ಮುಂದಿನದು ಎಕ್ಸೆಲ್ ತೆರೆಯದಿರುವುದು. ಕ್ಲೋಸ್.

ಗೋಡೆಗೆ ನಾನು ಒಂದು ಬಿಳಿ ಬೋರ್ಡ್ ಹಾಕಿಸಿದ್ದೆ. ಯಾರು ಎಷ್ಟು ಟಿಕೆಟ್ ಮುಚ್ಚಿದರು, ಸರಾಸರಿ ಎಷ್ಟು ನಿಮಿಷ. ಹದಿನೈದು ನಿಮಿಷದೊಳಗಿದ್ದರೆ ಹಸಿರು ಮಾರ್ಕರ್, ದಾಟಿದರೆ ಕೆಂಪು. ನಮ್ಮ ಹುಡುಗನ ಸಾಲು ಸದಾ ಹಸಿರು. ಆ ಹಸಿರನ್ನು ನೋಡಿಯೇ ಅವನು ನೆಮ್ಮದಿಯಾಗಿದ್ದಾನೆ ಎಂದು ನಾನು ನಂಬಿದ್ದು.

ಕಾಫಿ ಕುಡಿಯುತ್ತ ಕೇಳಿದ್ದು

ಸೋಮವಾರ ಅವನನ್ನು ಆಫೀಸಿನಲ್ಲಿ ಮಾತಾಡಿಸಲಿಲ್ಲ, ಹೋಟೆಲಿಗೆ ಕರೆದುಕೊಂಡು ಹೋದೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆಯೇ ಎಂದೆ. ಇಲ್ಲ ಎಂದ. ಅದೇ ನನಗೆ ಹೆಚ್ಚು ಗಾಬರಿ ಹುಟ್ಟಿಸಿತು. ಕೈಯಲ್ಲಿ ಇನ್ನೊಂದಿಲ್ಲದೆ ಇದ್ದದ್ದನ್ನು ಬಿಡುವ ಹುಡುಗನಲ್ಲ ಅವನು.

"ಸಂಬಳ ಕಮ್ಮಿ ಅಂತಾನಾ?"

"ಕಮ್ಮೀನೇ ಸಾರ್. ಆದ್ರೆ ಅದಕ್ಕಲ್ಲ." ಲೋಟ ತಿರುಗಿಸುತ್ತ ಕೂತ. ಆಮೇಲೆ ಹೇಳಿದ: "ಸಂಜೆ ರೂಮಿಗೆ ಹೋದ್ಮೇಲೆ ಇವತ್ತು ಏನ್ ಮಾಡ್ದೆ ಅಂತ ಯೋಚ್ನೆ ಮಾಡಿದ್ರೆ ಒಂದೂ ನೆನಪಾಗಲ್ಲ ಸಾರ್. ನಲವತ್ತು ಕಾಲ್ ಮಾಡಿರ್ತೀನಿ. ನಮ್ಮಪ್ಪ ಕಬ್ಬು ಕಡುದ್ರೆ ಸಂಜೆಗೆ ಗದ್ದೆ ಬರಿದಾಗಿರೋದು ಕಾಣ್ಸುತ್ತೆ. ನಂದು ಬೆಳಿಗ್ಗೆ ಹೆಂಗಿತ್ತೋ ಸಾಯಂಕಾಲವೂ ಹಂಗೇ ಇರುತ್ತೆ. ಅದೇ ಜನ, ಅದೇ ಪ್ರಿಂಟ್ರು."

ಇದಕ್ಕೆ ನಾನು ಕೊಟ್ಟ ಉತ್ತರ, ಈಗ ನಾಚಿಕೆ ಎನಿಸಿದರೂ ಬರೆಯುತ್ತೇನೆ: ಸಂಬಳ 1,500 ರೂಪಾಯಿ ಜಾಸ್ತಿ ಮಾಡಿದೆ. ಅವನು ಬೇಡ ಎನ್ನಲಿಲ್ಲ, ರಾಜೀನಾಮೆ ವಾಪಸ್ ಪಡೆದ. ಮಾರ್ಚ್ ಪೂರ್ತಿ ಬಂದ. ಗೊಣಗಾಟ ಇರಲಿಲ್ಲ, ಹಾಗೆಂದು ಮುಖದಲ್ಲಿ ಗೆಲುವೂ ಇರಲಿಲ್ಲ. ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂಬಿಎ ಮಾಡುವಾಗ ಹರ್ಜ್‌ಬರ್ಗ್ ಹೆಸರನ್ನು ಪರೀಕ್ಷೆಗಾಗಿ ಉರು ಹೊಡೆದು ಮರೆತಿದ್ದೆ. ಈ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಅವನ ಜೊತೆಗಾರರು ಪಿಟ್ಸ್‌ಬರ್ಗ್ ಸುತ್ತಿನ ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತಾಡಿಸಿ 1959ರಲ್ಲಿ ಹೇಳಿದ್ದು ಇದನ್ನೇ. ಸಂಬಳ, ಕೂರುವ ಜಾಗ, ಮೇಲಧಿಕಾರಿಯ ವರ್ತನೆ ಸರಿಯಿಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ. ಸರಿ ಮಾಡಿದರೆ ಅಸಮಾಧಾನ ಹೋಗುತ್ತದೆ, ಅಷ್ಟೇ. ತೃಪ್ತಿ ಹುಟ್ಟುವ ಬೇರೆ ಜಾಗ ಇದೆ: ಕೆಲಸದಲ್ಲಿ ಏನನ್ನೋ ಸಾಧಿಸಿದ್ದು, ಅದನ್ನು ಯಾರೋ ಗುರುತಿಸಿದ್ದು, ಜವಾಬ್ದಾರಿ, ಕೆಲಸವೇ ಕೊಡುವ ರುಚಿ. ಈ ವಿಂಗಡಣೆಯನ್ನು ಆಮೇಲೆ ಬಂದವರು ಸಾಕಷ್ಟು ಪ್ರಶ್ನಿಸಿದ್ದಾರೆ. ಆದರೆ ಮಾರ್ಚ್ ತಿಂಗಳ ನಮ್ಮ ಆಫೀಸಿಗೆ ಅದು ಅಳತೆ ತೆಗೆದು ಹೊಲಿದಂತಿತ್ತು.

ರಿಜಿಸ್ಟರ್ ಓದಿದಾಗ

ಏಪ್ರಿಲ್ ಮೊದಲ ವಾರ ಹಿಂದಿನ ತಿಂಗಳ ಟಿಕೆಟ್‌ಗಳನ್ನು ಎಕ್ಸೆಲ್‌ಗೆ ಇಳಿಸಿಕೊಂಡು ಕೂತೆ. ಯಾರು ಮುಚ್ಚಿದರು ಎನ್ನುವುದನ್ನು ಬಿಟ್ಟು, ಎಲ್ಲಿಂದ ಬಂತು, ಯಾವ ಹೊತ್ತಿಗೆ ಬಂತು ಎಂದು ಜೋಡಿಸಿದೆ. ಎಷ್ಟು ವರ್ಷದಿಂದ ಈ ಕಸುಬು ಮಾಡುತ್ತಿದ್ದೇನೆ, ಹೀಗೆ ನೋಡಿದ್ದು ಅದೇ ಮೊದಲು.

ಮಂಡ್ಯದ ಒಂದು ನರ್ಸಿಂಗ್ ಹೋಂ. ಅಲ್ಲಿಂದ ಬಂದ ಕಾಲ್‌ಗಳಲ್ಲಿ ಹೆಚ್ಚಿನವು ಬೆಳಿಗ್ಗೆ ಒಂಬತ್ತೂಕಾಲರಿಂದ ಹತ್ತರ ನಡುವೆ. "ನೆಟ್‌ವರ್ಕ್ ಇಲ್ಲ, ಬಿಲ್ ಆಗ್ತಿಲ್ಲ." ಪರಿಹಾರದ ಕಾಲಂನಲ್ಲಿ ಎಲ್ಲ ಕಡೆ ಒಂದೇ ಪದ: ರೀಸ್ಟಾರ್ಟ್. ನಮ್ಮ ನಾಲ್ವರು ಬೇರೆ ಬೇರೆ ದಿನ ಈ ಕಾಲ್ ತೆಗೆದುಕೊಂಡಿದ್ದರು. ನೆಟ್‌ವರ್ಕ್ ಇಲ್ಲದ ಯಂತ್ರಕ್ಕೆ ಎನಿಡೆಸ್ಕ್ ಹತ್ತುವುದಿಲ್ಲ, ಹಾಗಾಗಿ ಫೋನಿನಲ್ಲೇ "ಆಫ್ ಮಾಡಿ ಆನ್ ಮಾಡಿ". ಒಮ್ಮೊಮ್ಮೆ ಮೊದಲ ಸಲಕ್ಕೆ, ಒಮ್ಮೊಮ್ಮೆ ಮೂರನೇ ಸಲಕ್ಕೆ ಸರಿಹೋಗುತ್ತಿತ್ತು. ಹದಿನೈದು ನಿಮಿಷದೊಳಗೆ. ನಾಲ್ಕು ಸಾಲೂ ಹಸಿರು.

ನಮ್ಮ ಕಸುಬಿನಲ್ಲಿ ಎರಡು ಪದ ಇವೆ, ಇನ್ಸಿಡೆಂಟ್ ಮತ್ತು ಪ್ರಾಬ್ಲಂ. 1980ರ ದಶಕದಲ್ಲಿ ಬ್ರಿಟನ್ ಸರ್ಕಾರ ತನ್ನ ಇಲಾಖೆಗಳಿಗಾಗಿ ಬರೆಸಿದ ಐಟಿಐಎಲ್ ಪದ್ಧತಿಯಿಂದ ಬಂದ ವಿಂಗಡಣೆ. ಸೇವೆ ನಿಂತಿತು, ಹೇಗಾದರೂ ಬೇಗ ಮತ್ತೆ ನಡೆಯುವ ಹಾಗೆ ಮಾಡು, ಇದು ಇನ್ಸಿಡೆಂಟ್. ಯಾಕೆ ನಿಲ್ಲುತ್ತಿದೆ ಎಂದು ಹುಡುಕುವುದು ಪ್ರಾಬ್ಲಂ. ದೊಡ್ಡ ಕಂಪನಿಗಳಲ್ಲಿ ಎರಡಕ್ಕೂ ಬೇರೆ ಬೇರೆ ಜನ. ನಮ್ಮಂಥ ಸಣ್ಣವರಲ್ಲಿ ಎರಡನೆಯದಕ್ಕೆ ಜನವೂ ಇರಲಿಲ್ಲ, ಕಾಲಂ ಕೂಡ ಇರಲಿಲ್ಲ. ಬೋರ್ಡ್ ಹಾಕಿದವನು ನಾನು. ಮುಚ್ಚಿದ ಟಿಕೆಟ್‌ಗೆ ಲೆಕ್ಕ ಇಟ್ಟಿದ್ದೆ. ಬರದೇ ಹೋದ ಟಿಕೆಟ್‌ಗೆ ಯಾವ ಬಣ್ಣದ ಮಾರ್ಕರ್ ಎಂದು ಯೋಚಿಸಿರಲೇ ಇಲ್ಲ.

ಹುಡುಗನನ್ನು ಕರೆದು ಹಾಳೆ ತೋರಿಸಿದೆ. ತುಂಬ ಹೊತ್ತು ನೋಡಿ, "ಸಾರ್, ಮಂಗಳವಾರ ಗುರುವಾರ ಬಂದೇ ಇಲ್ವಲ್ಲ" ಎಂದ. ನಾನು ಹೊತ್ತು ನೋಡಿದ್ದೆ, ವಾರ ನೋಡಿರಲಿಲ್ಲ.

"ಮೂರು ದಿನ ಹೋಗಿ ಅಲ್ಲೇ ಕೂತ್ಕೋ. ಬೇರೆ ಯಾವ ಕಾಲೂ ತಗೋಬೇಡ" ಎಂದೆ.

"ಬೋರ್ಡು?"

"ಬೋರ್ಡು ಹಾಳಾಗ್ಹೋಗ್ಲಿ."

ಮಂಡ್ಯದಲ್ಲಿ ಮೂರು ದಿನ

ಮೈಸೂರಿನಿಂದ ಮಂಡ್ಯ ಸುಮಾರು 45 ಕಿಲೋಮೀಟರ್. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುವುದಿಲ್ಲ, ಸರ್ವೀಸ್ ರಸ್ತೆ ಹಿಡಿದು ಹೋದ. ಮೊದಲ ದಿನ ಮಂಗಳವಾರ. ಏನೂ ಆಗಲಿಲ್ಲ. ಬಿಲ್ಲಿಂಗ್ ಕೌಂಟರಿನ ಹೆಂಗಸು, ಅವನು ಅಕ್ಕ ಎನ್ನುತ್ತಾನೆ, ಅವನನ್ನು ಕಂಡ ಕೂಡಲೇ ಶುರು ಮಾಡಿದರಂತೆ: "ಆಫ್ ಮಾಡಿ ಆನ್ ಮಾಡಿ ಅಂತ ಏಳದೇ ಆದ್ರೆ ನಾನೇ ಮಾಡ್ಕತೀನಿ ಕಣಪ್ಪ. ಅದಕ್ಯಾಕೆ ನಿಮ್ಗೆ ವರ್ಷವರ್ಷ ದುಡ್ಡು ಕೊಡ್ಬೇಕು? ಇಲ್ಲಿ ಡಿಸ್ಚಾರ್ಜ್ ಆದೋರು ಮಗೀನ್ ಎತ್ಕಂಡು ನಿಂತಿರ್ತಾರೆ, ನನ್ನ ಬೈತಾರೆ." ಎರಡೂವರೆ ವರ್ಷ ಫೋನಿನಲ್ಲಿ ಕೇಳಿದ್ದ ದನಿ. ಮಗು ಎತ್ತಿಕೊಂಡು ನಿಂತವರು ಮಾತ್ರ ಫೋನಿನಲ್ಲಿ ಅವನಿಗೆ ಕಂಡಿರಲಿಲ್ಲ.

ಬುಧವಾರ ಒಂಬತ್ತು ಹದಿನೆಂಟಕ್ಕೆ ಕೌಂಟರಿನ ಎರಡು ಯಂತ್ರ, ಔಷಧಿ ಅಂಗಡಿಯ ಒಂದು ಯಂತ್ರ ಕೈಕೊಟ್ಟವು. ಅಕ್ಕನ ಕೈ ಪವರ್ ಬಟನ್ ಕಡೆ ಹೋಗಿತ್ತು. "ಮುಟ್ಬೇಡಿ ಅಕ್ಕ!" ಎಂದು ಹುಡುಗ ಕೂಗಿದ್ದಕ್ಕೆ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರಂತೆ. ಕಪ್ಪು ಕಿಟಕಿ ತೆರೆದು, ಯಂತ್ರದ ನೆಟ್‌ವರ್ಕ್ ವಿಳಾಸ ತೋರಿಸುವ ಐಪಿಕಾನ್ಫಿಗ್ /ಆಲ್ ಆಜ್ಞೆ ಕೊಟ್ಟ. ಅಲ್ಲಿ 192.168.10ರಿಂದ ಶುರುವಾಗುವ ವಿಳಾಸ ಇರಬೇಕಿತ್ತು, ಇದ್ದದ್ದು 192.168.0. ವಿಳಾಸ ಹಂಚಿದ ಡಿಎಚ್‌ಸಿಪಿ ಸರ್ವರ್ ಯಾರು ಎನ್ನುವ ಸಾಲಿನಲ್ಲಿ 192.168.0.1. ಆಸ್ಪತ್ರೆಯ ನಿಜವಾದ ರೂಟರ್ 192.168.10.1. ಅಂದರೆ ಕಟ್ಟಡದಲ್ಲಿ ವಿಳಾಸ ಹಂಚುವವರು ಇಬ್ಬರಿದ್ದಾರೆ.

ಓದುಗರಿಗೆ ಒಂದು ಮಾತು. ಕಂಪ್ಯೂಟರ್ ಆನ್ ಆದಾಗ "ನನಗೊಂದು ವಿಳಾಸ ಕೊಡಿ" ಎಂದು ಇಡೀ ನೆಟ್‌ವರ್ಕಿಗೆ ಕೇಳುವಂತೆ ಕೂಗುತ್ತದೆ. ಮೊದಲು ಓಗೊಟ್ಟವರು ಕೊಟ್ಟದ್ದನ್ನು ಸಾಮಾನ್ಯವಾಗಿ ಕಣ್ಣುಮುಚ್ಚಿ ಇಟ್ಟುಕೊಳ್ಳುತ್ತದೆ. ಓಗೊಟ್ಟವನು ಮನೆಯವನೋ ಬೀದಿಯವನೋ ಎಂದು ಕೇಳುವುದಿಲ್ಲ. ರೀಸ್ಟಾರ್ಟ್ ಮಾಡಿದಾಗ ಒಮ್ಮೊಮ್ಮೆ ಸರಿಹೋಗುತ್ತಿದ್ದದ್ದು ಇದಕ್ಕೇ. ಆ ಸಲ ನಿಜವಾದ ರೂಟರ್ ಮೊದಲು ಓಗೊಟ್ಟಿತ್ತು. ನಾವು ದುರಸ್ತಿ ಎಂದು ಹಸಿರು ಬಳಿದದ್ದು ಲಾಟರಿ.

ಬ್ರೌಸರಿನಲ್ಲಿ 192.168.0.1 ಹೊಡೆದ. ಮನೆಗಳಲ್ಲಿ ಇಡುವಂಥ ಸಾಮಾನ್ಯ ವೈಫೈ ರೂಟರಿನ ಲಾಗಿನ್ ಪುಟ ತೆರೆಯಿತು. ಇದೆ ಎನ್ನುವುದು ಖಾತ್ರಿಯಾಯಿತು, ಎಲ್ಲಿದೆ? ಮೆಟ್ಟಿಲ ಕೆಳಗೆ ಕಟ್ಟಡದ ಕೇಬಲ್‌ಗಳೆಲ್ಲ ಬಂದು ಸೇರುವ 24 ಪೋರ್ಟಿನ ಸ್ವಿಚ್. ಕೇಬಲ್‌ಗಳ ಮೇಲೆ ಒಂದು ಚೀಟಿಯೂ ಇಲ್ಲ. ಲ್ಯಾಪ್‌ಟಾಪ್ ಸಿಕ್ಕಿಸಿ ಆ ವಿಳಾಸಕ್ಕೆ ಬಿಡದೆ ಪಿಂಗ್ ಹಾಕಿ ('ಇದ್ದೀಯಾ?' ಎಂದು ಕೇಳಿ), ಕೇಬಲ್ ಒಂದೊಂದಾಗಿ ಕಿತ್ತು ನೋಡುವುದು, ಪಿಂಗ್ ನಿಂತ ಕೇಬಲ್ ಕಳ್ಳನದು. ನಡೆಯುತ್ತಿರುವ ಆಸ್ಪತ್ರೆಯಲ್ಲಿ ಕೇಬಲ್ ಕೀಳುವುದು ಹುಡುಗಾಟವಲ್ಲ. ಲ್ಯಾಬಿನವರ ಹತ್ತಿರ ಹೋಗಿ ಒಂದು ಸ್ಯಾಂಪಲ್ ಮುಗಿದು ಇನ್ನೊಂದು ಇಡುವ ಮೊದಲು ಎರಡು ನಿಮಿಷ ಕೊಡಿ ಎಂದು ಕೇಳಿಕೊಂಡ. ಒಂದು, ಎರಡು, ಮೂರು. ಹದಿನಾಲ್ಕನೆಯದನ್ನು ಎಳೆದಾಗ ಪರದೆಯ ಮೇಲಿನ ಸಾಲು ನಿಂತಿತು. ವಾಪಸ್ ಚುಚ್ಚಿದ, ಓಡಿತು. ಮತ್ತೆ ಎಳೆದ, ನಿಂತಿತು.

ಕೇಬಲ್ ಹಿಡಿದು ಮೇಲೆ ಹತ್ತಿದ. ಮೊದಲ ಮಹಡಿ, ಡ್ಯೂಟಿ ಡಾಕ್ಟರ ಕೋಣೆ, ಮಂಚದ ಹಿಂದೆ, ಮಡಚಿಟ್ಟ ಹೊದಿಕೆಯ ಪಕ್ಕ ಪುಟ್ಟ ಬಿಳಿ ರೂಟರ್. ಹಿಂದೆ ನಾಲ್ಕು ಹಳದಿ ತೂತು, ಒಂದು ನೀಲಿ ತೂತು. ಕೇಬಲ್, ಹೊರಗಿನ ನೆಟ್ ಒಳಗೆ ಬರುವ ನೀಲಿಗೆ ಬದಲಾಗಿ, ರೂಟರ್ ವಿಳಾಸ ಹಂಚುವ ಹಳದಿಗೆ ಚುಚ್ಚಿತ್ತು. ಆ ಮೂಲೆಯಲ್ಲಿ ಮೊಬೈಲ್ ಸಿಗ್ನಲ್ ಬರುವುದಿಲ್ಲ ಎಂದು ವಾರದಲ್ಲಿ ಮೂರು ದಿನ ಬರುವ ಡಾಕ್ಟರೊಬ್ಬರು ಮನೆಯಲ್ಲಿ ಬಿದ್ದಿದ್ದನ್ನು ತಂದಿಟ್ಟುಕೊಂಡಿದ್ದರು. ಬೆಳಿಗ್ಗೆ ಬಂದು ಆನ್ ಮಾಡುವರು, ಹೋಗುವಾಗ ತೆಗೆಯುವರು. ಪಾಪ, ಅವರಿಗೇನು ಗೊತ್ತು. ಹಳದಿಗೆ ಚುಚ್ಚಿದ್ದರಿಂದ ಅವರಿಗೂ ವೈಫೈ ಸರಿಯಾಗಿ ಬರುತ್ತಿರಲಿಲ್ಲವಂತೆ, ಅವರೂ ದಿನಾ ಆಫ್ ಮಾಡಿ ಆನ್ ಮಾಡುತ್ತಿದ್ದರು.

ಹನ್ನೊಂದು ನಲವತ್ತಕ್ಕೆ ನನಗೆ ಫೋನ್ ಬಂತು. "ಸಾರ್, ಸಿಕ್ತು." ಆ ದನಿಯನ್ನು ನಾನು ಅವನಲ್ಲಿ ಅದುವರೆಗೆ ಕೇಳಿರಲಿಲ್ಲ. ಕಿತ್ತು ಬಿಸಾಕಿದ್ಯಾ ಎಂದೆ. "ಯಾಕ್ ಸಾರ್ ಬಿಸಾಕ್ಬೇಕು? ಡಿಎಚ್‌ಸಿಪಿ ಆಫ್ ಮಾಡಿ, ನಮ್ಮ ಸಾಲಿನ ಅಡ್ರೆಸ್ ಒಂದು ಕೊಟ್ಟಿದೀನಿ. ಈಗ ಬರೀ ವೈಫೈ ಕೊಡುತ್ತೆ. ಡಾಕ್ಟ್ರಿಗೆ ನೆಟ್ಟೂ ಬಂತು."

ಮೂರನೇ ದಿನ, ಗುರುವಾರ, ಅವನು ಅಲ್ಲಿರಬೇಕಾದ ಕೆಲಸವಿರಲಿಲ್ಲ. ಕೇಬಲ್‌ಗಳಿಗೆಲ್ಲ ಚೀಟಿ ಅಂಟಿಸಿದ. ಶುಕ್ರವಾರ ನಾನು ಹೇಳದೆಯೇ ಮತ್ತೆ ಮಂಡ್ಯಕ್ಕೆ ಹೋದ. "ಒಂಬತ್ತರಿಂದ ಹತ್ತರ ತನಕ ಕೌಂಟ್ರು ಪಕ್ಕ ನಿಂತಿದ್ದೆ ಸಾರ್. ಏನೂ ಆಗ್ಲಿಲ್ಲ. ಅದನ್ನೇ ನೋಡ್ತಾ ನಿಂತಿದ್ದೆ." ಪೆಟ್ರೋಲ್ ದುಡ್ಡು ಅವನೇ ಹಾಕಿಕೊಂಡಿದ್ದ. ಕೇಳಲೂ ಇಲ್ಲ.

ಬದಲಾದದ್ದು, ಎಡವಟ್ಟಾದದ್ದು

ಮೇ ತಿಂಗಳಲ್ಲಿ ಬೋರ್ಡ್ ಅಳಿಸಿದೆ. ಬಂದ ಕಾಲನ್ನು ಬಿಡುವಿದ್ದವರು ಎತ್ತುವುದು ತಪ್ಪಿ, ಪ್ರತಿಯೊಬ್ಬರಿಗೂ ನಾಲ್ಕೈದು ಜಾಗ 'ತಮ್ಮದು' ಎಂದಾಯಿತು. ಒಂದೇ ತೊಂದರೆ ಮೂರು ಸಲ ಬಂದರೆ ಉದ್ದನೆಯ ನೋಟ್‌ಬುಕ್ಕಿಗೆ ಹೋಗುತ್ತದೆ. ಅದಕ್ಕೆ ಹುಡುಗರಿಟ್ಟ ಹೆಸರು ಬೇರಿನ ಪುಸ್ತಕ. ವಾರದಲ್ಲಿ ಅರ್ಧ ದಿನ ಆ ಪುಸ್ತಕಕ್ಕೆ.

ಪುಸ್ತಕದ ಮೊದಲ ಪುಟದಲ್ಲೇ ಅಕ್ಕಿ ಗಿರಣಿಯ ಲೆಕ್ಕದವರ ಕಂಪ್ಯೂಟರ್ ಇದೆ. ದಿನಾ ಬೆಳಿಗ್ಗೆ ಜಿಎಸ್‌ಟಿ ಸೈಟ್ ತೆರೆಯುವುದಿಲ್ಲ, ನಾವು ಫೋನಿನಲ್ಲಿ ದಿನಾಂಕ ತಿದ್ದಿಸುತ್ತಿದ್ದೆವು. ಗಿರಣಿಯಲ್ಲಿ ರಾತ್ರಿ ಮೇನ್ ಸ್ವಿಚ್ಚೇ ತೆಗೆಯುತ್ತಾರೆ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರಿಂದ ಗಡಿಯಾರ ರಾತ್ರೋರಾತ್ರಿ ವರ್ಷಗಳ ಹಿಂದಕ್ಕೆ ಓಡುತ್ತಿತ್ತು. ಆ ಹಳೇ ದಿನಾಂಕದ ಪ್ರಕಾರ ಸೈಟಿನ ಗುರುತಿನ ಪತ್ರವಾದ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ, ಬ್ರೌಸರ್ ಬಾಗಿಲು ಹಾಕುತ್ತಿತ್ತು. ಗೋಡೆ ಗಡಿಯಾರದ ಅಂಗಡಿಯಲ್ಲೂ ಸಿಗುವ ಸೆಲ್ ಅದು.

ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಂಬಿಬ್ಬರು ಸಂಶೋಧಕರು 1970ರ ದಶಕದಲ್ಲಿ ಕೆಲಸದ ಐದು ಗುಣ ಹೇಳಿದ್ದರು. ಬಗೆಬಗೆಯ ಕೌಶಲ ಬೇಕಾಗುವುದು, ಒಂದು ಕೆಲಸವನ್ನು ಶುರುವಿನಿಂದ ಕೊನೆವರೆಗೆ ತಾನೇ ಮಾಡುವುದು, ಅದರಿಂದ ಇನ್ನೊಬ್ಬರ ಬದುಕಿಗೆ ವ್ಯತ್ಯಾಸವಾಗುವುದು, ತನ್ನ ತೀರ್ಮಾನಕ್ಕೆ ಜಾಗ ಇರುವುದು, ಫಲ ಏನಾಯಿತೆಂದು ಆ ಕೆಲಸದಿಂದಲೇ ಗೊತ್ತಾಗುವುದು. ನಮ್ಮ ಹುಡುಗನಿಗೆ ಕೌಂಟರ್ ಪಕ್ಕ ನಿಂತ ಆ ಒಂದು ಗಂಟೆಯಲ್ಲಿ ಕೊನೆಯ ಗುಣ ಸಿಕ್ಕಿತ್ತು. ನನ್ನ ಬೋರ್ಡ್ ಕೊಡುತ್ತಿದ್ದದ್ದು ಅದರ ನಕಲಿ.

ಎಲ್ಲ ಸರಾಗವಾಗಲಿಲ್ಲ. ಜೂನ್‌ನಲ್ಲಿ ಸಂಬಳದ ಲೆಕ್ಕಕ್ಕೆ ಕೂತಾಗ ಈ ಹುಡುಗನ ಹೆಸರಿನಲ್ಲಿ ಕಾಲ್‌ಗಳ ಸಂಖ್ಯೆ ಎಲ್ಲರಿಗಿಂತ ಕಡಿಮೆ. ಇವನೇನು ಮಾಡುತ್ತಿದ್ದಾನೆ ಎಂದು ಒಂದು ಕ್ಷಣ ನಿಜವಾಗಿಯೂ ಅನಿಸಿತು. ಬೋರ್ಡ್ ಗೋಡೆಯಿಂದ ಹೋಗಿತ್ತು, ನನ್ನ ತಲೆಯಿಂದ ಹೋಗಿರಲಿಲ್ಲ. ಜುಲೈನಲ್ಲಿ ನರ್ಸಿಂಗ್ ಹೋಂನ ಕರಾರು ನವೀಕರಣಕ್ಕೆ ಬಂತು, ಅಲ್ಲಿನ ಮ್ಯಾನೇಜರ್ ಅದೇ ಮಾತನ್ನು ಬಾಯಿಬಿಟ್ಟು ಹೇಳಿದರು: "ಮೂರು ತಿಂಗಳಿಂದ ಒಂದೂ ಕಂಪ್ಲೇಂಟ್ ಇಲ್ಲ. ಕೆಲಸವೇ ಇಲ್ಲ ಅಂದ್ಮೇಲೆ ರೇಟ್ ಕಮ್ಮಿ ಮಾಡ್ಕೊಳ್ಳಿ." ಸಪೋರ್ಟ್ ಕಸುಬಿನ ಶಾಪ ಇದು. ಕೆಟ್ಟಾಗ ಎಲ್ಲರ ಕಣ್ಣಿಗೆ ಬೀಳುತ್ತೇವೆ, ಸರಿಯಿದ್ದಾಗ ಯಾರ ಕಣ್ಣಿಗೂ ಇಲ್ಲ. ಚರಂಡಿ ಸರಿಯಾಗಿ ಹರಿಯುತ್ತಿದ್ದರೆ ಬೀದಿಯವರು ಅದನ್ನು ನೆನೆಯುವುದುಂಟೆ?

ಹುಡುಗ ಅದಕ್ಕೊಂದು ಉಪಾಯ ಹುಡುಕಿದ. ತಿಂಗಳ ಕೊನೆಗೆ ಒಂದೇ ಪುಟದ ಕನ್ನಡ ಕಾಗದ. ಈ ತಿಂಗಳು ಏನು ನೋಡಿದೆ, ಏನು ಕೆಡುವುದರಲ್ಲಿತ್ತು, ಮುಂದೇನು ಬರಲಿದೆ. ಆಗಸ್ಟ್‌ನ ಕಾಗದದಲ್ಲಿ, ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯುತ್ತದೆ, ನಿಮ್ಮ ಯಂತ್ರಗಳಲ್ಲಿ ಇಷ್ಟಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದೆ, ಪ್ರೊಸೆಸರ್ ಎಂಟನೇ ತಲೆಮಾರಿನದು ಅಥವಾ ಅದರ ನಂತರದ್ದು, ವಿಂಡೋಸ್ 11 ಹಾಕಬಹುದು, ಉಳಿದವು ಆಗುವುದಿಲ್ಲ, ಎರಡು ಕಂತಿನಲ್ಲಿ ಬದಲಿಸೋಣ ಎಂದು ಯಂತ್ರದ ಜಾಗದ ಸಮೇತ ಬರೆದಿದ್ದ. ನರ್ಸಿಂಗ್ ಹೋಂನ ಹಿರಿಯ ಡಾಕ್ಟರು ಅದನ್ನು ಓದಿ ನನಗೆ ಫೋನ್ ಮಾಡಲಿಲ್ಲ, ಅವನನ್ನೇ ಕರೆಸಿದರು. ಕುರ್ಚಿ ಕೊಟ್ಟು ಕೂರಿಸಿ ಕೇಳಿದರಂತೆ. ಕುರ್ಚಿಯ ವಿಷಯವನ್ನು ಅವನು ನನಗೆ ಎರಡು ಸಲ ಹೇಳಿದ.

ಇವನ ಮದ್ದನ್ನೇ ಎಲ್ಲರಿಗೂ ಕೊಡಲು ಹೋಗಿ ಇನ್ನೊಂದು ಕಡೆ ಎಡವಿದೆ. ನಮ್ಮಲ್ಲೊಬ್ಬ ಹುಡುಗಿ ಇದ್ದಾಳೆ, ಫೋನ್ ಸಪೋರ್ಟ್‌ನಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳನ್ನೂ ವಾರಕ್ಕೆರಡು ದಿನ ಜಾಗಗಳಿಗೆ ಕಳಿಸಿದೆ. ಹದಿನೈದು ದಿನಕ್ಕೇ ಬಂದು, "ಸಾರ್, ನನ್ನ ಫೋನಿಗೇ ಬಿಟ್ಬಿಡಿ" ಎಂದಳು. ಅವಳ ಖುಷಿ ಅಲ್ಲಿತ್ತು. ಕುವೆಂಪುನಗರದ ನಿವೃತ್ತ ಮೇಷ್ಟರೊಬ್ಬರು 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ವರ್ಷಗಟ್ಟಲೆ ಕೂತು ತಮ್ಮ ಊರಿನ ಕಥೆ ಬರೆದಿದ್ದರು. ಮೊಮ್ಮಗ ಕೊಡಿಸಿದ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಅಕ್ಷರದ ಜಾಗದಲ್ಲಿ ಇಂಗ್ಲಿಷ್ ಚಿಹ್ನೆಗಳ ಕಸ. ಹಳೆಯ ನುಡಿ ಫಾಂಟ್‌ಗಳು ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕೂರಿಸುತ್ತಿದ್ದವು. ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡ ಕಳಚಿಬಿದ್ದು ಬುಡ ಮಾತ್ರ ಕಾಣುತ್ತದೆ. ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯೂನಿಕೋಡ್‌ಗೆ ಪರಿವರ್ತಿಸುವುದನ್ನು ಅವಳು ಮೇಷ್ಟರ ಕೈಯಲ್ಲೇ ಮಾಡಿಸಿದಳು, ಫೋನಿನಲ್ಲಿ, ಮುಕ್ಕಾಲು ಗಂಟೆ. ಮೊದಲ ಪುಟ ಕನ್ನಡವಾಗಿ ಮೂಡಿದಾಗ ಮೇಷ್ಟ್ರು ಅದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದರು. ನಾವೆಲ್ಲ ಸುತ್ತ ನಿಂತು ಕೇಳಿದೆವು. ಹಳೇ ಬೋರ್ಡಿನಲ್ಲಿ ಅದು ನಲವತ್ತೈದು ನಿಮಿಷದ ಒಂದು ಕೆಂಪು ಗೆರೆ. ಅವಳನ್ನು ಫೋನಿಗೇ ಬಿಟ್ಟೆ, ನಿಮಿಷದ ಲೆಕ್ಕ ಬಿಟ್ಟೆ.

ಇನ್ನೂ ಸರಿಯಾಗದ್ದು

ಸಂಬಳ ಈಗಲೂ ಬೆಂಗಳೂರಿನದಕ್ಕೆ ಸಮನಲ್ಲ. ಕೆಲಸ ಇಷ್ಟವಾಯಿತು ಎಂದ ಮಾತ್ರಕ್ಕೆ ರೂಮಿನ ಬಾಡಿಗೆ ಇಳಿಯುವುದಿಲ್ಲ. ತೃಪ್ತಿಯನ್ನು ಸಂಬಳದ ಬದಲಿಗೆ ಕೊಡುವ ಮಾಲೀಕರನ್ನು ನಾನು ನೋಡಿದ್ದೇನೆ, ಆ ಸಾಲಿಗೆ ಸೇರಬಾರದು ಎಂದು ನವೀಕರಣದಲ್ಲಿ ಉಳಿದ ದುಡ್ಡಿನಲ್ಲಿ ಅವನಿಗೊಂದು ಪಾಲು ಇಟ್ಟೆ. ಸಾಲದು, ಗೊತ್ತು. ಅವನು ರಾತ್ರಿ ಸಿಸಿಎನ್‌ಎ ಎಂಬ ನೆಟ್‌ವರ್ಕ್ ಪರೀಕ್ಷೆಗೆ ಓದುತ್ತಿದ್ದಾನೆ. ಪಾಸಾದರೆ ನೆಟ್‌ವರ್ಕ್ ಕೆಲಸಕ್ಕೆ ಹೋಗಬಹುದು. ಹೋಗಲಿ, ಫೆಬ್ರುವರಿಯಲ್ಲಿ ಹೊರಟಿದ್ದಂತೆ ಬರಿಗೈಯಲ್ಲಿ ಅಲ್ಲ ಎನ್ನುವುದು ನನ್ನ ಸಮಾಧಾನ. ಊರಿನಲ್ಲಿ ಮಾವ ಈಗಲೂ ರಿಪೇರಿ ಎನ್ನುತ್ತಾರೆ. "ಈಗ ಅನ್ಲಿ ಬಿಡಿ ಸಾರ್, ರಿಪೇರೀನೇ ಅಲ್ವಾ" ಎಂದ ಮೊನ್ನೆ.

2025ರ ಅಕ್ಟೋಬರ್ 1ರಂದು ಆಯುಧಪೂಜೆ ಇತ್ತು. ಪ್ರತಿವರ್ಷ ಮಾರನೇ ದಿನ ನಮಗೆ ಕಾಲ್ ಸುರಿಮಳೆ: ಕೀಬೋರ್ಡಿನೊಳಗೆ ಕುಂಕುಮ, ಯುಪಿಎಸ್ ಮೇಲೆ ಒಡೆದ ತೆಂಗಿನಕಾಯಿ ನೀರು. ಈ ಸಲ ಅವನು ಹಿಂದಿನ ದಿನವೇ ಮಂಡ್ಯಕ್ಕೆ ಹೋಗಿ ಸರ್ವರ್ ರ್‍ಯಾಕ್ ಒರೆಸಿ, ಬಾಗಿಲಿಗೆ ಬೀಗ ಹಾಕಿ, ಹೊರಗಡೆ ಗಾಜಿನ ಮೇಲೆ ಕುಂಕುಮ ಇಡಲು ಜಾಗ ತೋರಿಸಿ ಬಂದ. ಕೌಂಟರಿನ ಅಕ್ಕ ಅವನ ಪಾಲಿನ ಕಡ್ಲೆಪುರಿ ಕಟ್ಟಿಟ್ಟಿದ್ದರು. ಕೌಂಟರಿನ ಕೆಳಗೆ, ರೋಗಿಗಳಿಗೆ ಕಾಣದ ಹಾಗೆ, ಅವನು ಅಂಟಿಸಿದ ಕಾಗದ ಇದೆ: ನೆಟ್‌ವರ್ಕ್ ಹೋದರೆ ಆಫ್ ಮಾಡಬೇಡಿ, ಮೊದಲು ವಿಳಾಸ ನೋಡಿ. 192.168.10 ಇದ್ದರೆ ನನಗೆ ಫೋನ್ ಮಾಡಿ. 192.168.0 ಇದ್ದರೂ ನನಗೆ ಫೋನ್ ಮಾಡಿ, ಬೇಗ. 169 ಇದ್ದರೆ ಯಾರೂ ವಿಳಾಸ ಕೊಟ್ಟಿಲ್ಲ, ಕೇಬಲ್ ನೋಡಿ.

ನವೆಂಬರ್‌ನ ಒಂದು ಬುಧವಾರ, ಸರಿಯಾಗಿ ಒಂಬತ್ತೂಕಾಲಿಗೆ ನರ್ಸಿಂಗ್ ಹೋಂನಿಂದ ಕಾಲ್ ಬಂತು. ಆಫೀಸಿನಲ್ಲಿ ಎಲ್ಲರೂ ಕತ್ತೆತ್ತಿದೆವು. ಅವನು ಸ್ಪೀಕರ್ ಹಾಕಿದ.

"ತಮ್ಮಾ, ನೆಟ್ವರ್ಕ್ ಹೋಗಿತ್ತು ಕಣಪ್ಪ. ನಾನು ಆಫ್ ಮಾಡ್ನಿಲ್ಲ. ನೋಡುದ್ರೆ ನೂರಾ ಅರ್ವತ್ತೊಂಬತ್ತು ಅಂತ ಬಂತು. ಬಗ್ಗಿ ನೋಡುದ್ರೆ ನೆಲ ವರ್ಸೋಳು ವೈರು ಎಳ್ದಾಕವ್ಳೆ. ನಾನೇ ಚುಚ್ದೆ, ಬಂತು. ಸುಮ್ನೆ ಏಳಣ ಅಂತ ಮಾಡ್ದೆ."

ಫೋನ್ ಇಟ್ಟ ಮೇಲೆ ಅವನು ಬೇರಿನ ಪುಸ್ತಕ ತೆಗೆದು ಬರೆದುಕೊಂಡ. ಸರಿ ಮಾಡಿದವರು ಎನ್ನುವ ಕಾಲಂನಲ್ಲಿ: ಬಿಲ್ಲಿಂಗ್ ಅಕ್ಕ.